ದೊಡ್ಡ ಮಗುವಿಗೆ ಸ್ಟ್ರಾಲರ್: ಕಾನ್‌ವೇಡ್ ಕ್ರೂಸರ್ ಬೆಂಗಳೂರಿಗೆ ಆಗುತ್ತಾ?

ಮಗಳಿಗೆ ಒಂಬತ್ತು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗದ ಸ್ಥಿತಿ) ಇದೆ. ಕತ್ತು ನಿಲ್ಲುತ್ತದೆ, ಸೊಂಟ ನಿಲ್ಲುವುದಿಲ್ಲ. ಕೂರಿಸಿದ ಸ್ವಲ್ಪ ಹೊತ್ತಿಗೆ ಬಲಕ್ಕೆ ವಾಲುತ್ತಾಳೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಟ್ರಾಲರ್‌ಗಳಲ್ಲಿ ಹೆಚ್ಚಿನವು 15 ಕೆಜಿ ತೂಕಕ್ಕೇ ಮುಗಿಯುತ್ತವೆ, ಇವಳು ಅದನ್ನು ದಾಟಿ ಯಾವ ಕಾಲವಾಯಿತೋ! ಇಂಥ ದೊಡ್ಡ ಮಕ್ಕಳಿಗೆಂದೇ ಕಾನ್‌ವೇಡ್ ಕಂಪನಿಯ ಕ್ರೂಸರ್ ಅನ್ನುವ ಸ್ಟ್ರಾಲರ್ ಇದೆ, ಆದರೆ ಹೊಸದರ ಬೆಲೆ ನೋಡಿ ಎದೆ ಧಸಕ್ ಅಂತು. ಕೊನೆಗೆ ಅಮೆರಿಕದಲ್ಲಿರುವ ನಾದಿನಿ ಅಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಹುಡುಕಿ, ಊರಿಗೆ ಬರುವಾಗ ತಂದುಕೊಟ್ಟಳು.

ಇದರ ಸೀಟು ಸ್ವಲ್ಪ ಹಿಂದಕ್ಕೆ ಓರೆಯಾಗಿದೆ, ಸುಮಾರು 30 ಡಿಗ್ರಿ. ಅದನ್ನು ಏರಿಸಲು ಇಳಿಸಲು ಆಗುವುದಿಲ್ಲ. ನಮಗೆ ಬೇಕಾಗಿದ್ದೂ ಅದೇ. ಮೈ ತಾನಾಗಿ ಹಿಂದಕ್ಕೆ ಒರಗುವುದರಿಂದ ಮುಂದಕ್ಕೆ ಜಾರುವ ಕಾಟ ಇಲ್ಲ. ಆದರೆ ಹೋಟೆಲಿನಲ್ಲಿ ಟೇಬಲ್ ಹತ್ತಿರ ತಳ್ಳಿದರೂ ಅವಳ ಕೈ ತಟ್ಟೆಗೆ ಎಟುಕುವುದಿಲ್ಲ, ಇಡ್ಲಿಯನ್ನು ನಾವೇ ತಿನ್ನಿಸಬೇಕು. ತಾನಾಗಿ ತಿನ್ನುವ ಮಗುವಾದರೆ ಇದನ್ನು ಮೊದಲೇ ಯೋಚಿಸಿ.

ಸೈಜ್ ಅಂದರೆ ವಯಸ್ಸಲ್ಲ, ಸೀಟಿನ ಅಗಲ. 12, 14 ಅಂತೆಲ್ಲ ಇಂಚಿನ ಲೆಕ್ಕದಲ್ಲಿ ಬರುತ್ತದೆ. "ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ" ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಕೇಳಬೇಡಿ. ಸೀಟು ಅಗಲವಾದಷ್ಟೂ ವಾಲುವುದಕ್ಕೆ ಜಾಗ ಜಾಸ್ತಿ. ಮಗುವನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಸೊಂಟದ ಅಗಲ ಅಳೆಯಿರಿ. ಆಮೇಲೆ ಬೆನ್ನಿನ ಬುಡದಿಂದ ಮಂಡಿಯ ಹಿಂಭಾಗದವರೆಗೆ ಅಳೆಯಿರಿ. ಸೀಟಿನ ಅಂಚಿಗೂ ಮಂಡಿಗೂ ನಡುವೆ ಎರಡು ಬೆರಳು ಹೋಗಬೇಕು, ಪಾದ ಪೂರ್ತಿಯಾಗಿ ಫುಟ್‌ರೆಸ್ಟ್ ಮೇಲೆ ಕೂರಬೇಕು, ಕಾಲು ಸುಮ್ನೆ ನೇತಾಡಬಾರದು. ಫಿಸಿಯೋ ಅವರೇ ಅಳತೆ ತೆಗೆದುಕೊಟ್ಟರೆ ಇನ್ನೂ ಒಳ್ಳೆಯದು. ಪಕ್ಕದ ಆನಿಕೆ, ತಲೆಯ ಆನಿಕೆ, ಎದೆಯ ಬೆಲ್ಟು ಇವೆಲ್ಲ ಬಿಡಿಬಿಡಿಯಾಗಿ, ಬೇರೆ ದುಡ್ಡಿಗೆ. ಹಳೆಯದನ್ನು ಕೊಳ್ಳುವವರು ಏನೇನು ಜೊತೆಗಿದೆ ಅಂತ ಫೋಟೋ ತರಿಸಿಕೊಳ್ಳಿ, ಬ್ರೇಕು ಮತ್ತು ಬಕಲ್‌ನ ವಿಡಿಯೋನೂ ಕೇಳಿ.

ಬಿಚ್ಚಿ ಜೋಡಿಸುವ ರಗಳೆ ಇಲ್ಲ, ಇಡೀ ಗಾಡಿ ಒಂದೇ ತುಂಡಾಗಿ ಮಡಚಿಕೊಳ್ಳುತ್ತದೆ. ಮಡಚಿದ ಮೇಲೂ ಉದ್ದ ಮಾತ್ರ ಉದ್ದವೇ. ನಮ್ಮೂರಿನ ಕ್ಯಾಬ್‌ಗಳ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದಲ್ಲ, ಅಲ್ಲಿ ಇದು ಹಿಡಿಸುವುದಿಲ್ಲ. ಮುಂದಿನ ಸೀಟಿನಲ್ಲಿ ನಿಲ್ಲಿಸಬೇಕು, ಡ್ರೈವರ್ ಮುಖ ಗಂಟಿಕ್ಕಿದರೆ "ಅಣ್ಣಾ, ಮಗುವಿನ ಗಾಡಿ, ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನಬೇಕು. ಆಟೋದಲ್ಲಿ ನಮ್ಮ ಕಾಲ ಮುಂದೆ ಅಡ್ಡಡ್ಡ ಹಿಡಿದುಕೊಂಡು ಹೋಗುತ್ತೇವೆ.

ಚಕ್ರಗಳಿಗೆ ಗಾಳಿ ತುಂಬುವ ಕೆಲಸವಿಲ್ಲ, ಪಂಕ್ಚರ್ ಚಿಂತೆಯೂ ಇಲ್ಲ. ಮೆಟ್ರೋದಲ್ಲಿ ಆರಾಮ, ಸ್ಟೇಷನ್‌ನಲ್ಲಿ ಲಿಫ್ಟ್ ಇರುತ್ತದೆ. ರೈಲು ಹತ್ತುವಾಗ ಮಾತ್ರ ಹಿಮ್ಮುಖವಾಗಿ ಎಳೆದುಕೊಳ್ಳಿ, ದೊಡ್ಡ ಚಕ್ರ ಮೊದಲು ಒಳಗೆ ಬರಲಿ, ಇಲ್ಲದಿದ್ದರೆ ಮುಂದಿನ ಸಣ್ಣ ಚಕ್ರ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿನಲ್ಲಿ ತಿರುಗಿಬಿಡುತ್ತದೆ. ಫುಟ್‌ಪಾತ್ ಬಗ್ಗೆ ಏನು ಹೇಳಲಿ? ಬೈಕ್ ಹತ್ತದಿರಲಿ ಅಂತ ನೆಟ್ಟ ಕಂಬಗಳ ನಡುವೆ ಬೈಕ್ ಹೋಗುತ್ತದೆ, ನಮ್ಮ ಗಾಡಿ ಹೋಗುವುದಿಲ್ಲ.

ಕೂರಲು ಬರುತ್ತದೆ, ನಡೆದರೆ ಬೇಗ ಸುಸ್ತಾಗುತ್ತದೆ, ಇಲ್ಲವೇ ಜನಜಂಗುಳಿಯಲ್ಲಿ ಕೈ ಬಿಡಿಸಿಕೊಂಡು ಓಡುತ್ತದೆ ಅನ್ನುವಂಥ ಮಕ್ಕಳಿಗೆ ಇಷ್ಟೆಲ್ಲ ಬೇಡ. ಮ್ಯಾಕ್ಲಾರೆನ್ ಕಂಪನಿಯ ಮೇಜರ್ ಅನ್ನುವ ಸ್ಟ್ರಾಲರ್ ಸಾಕು. 50 ಕೆಜಿವರೆಗೆ ತಡೆಯುತ್ತದೆ, ಇದಕ್ಕಿಂತ ತುಂಬಾ ಹಗುರ, ಛತ್ರಿಯಂತೆ ಮಡಚಿಡಬಹುದು. ಆದರೆ ಅದರ ಬಟ್ಟೆಯ ಸೀಟು ನನ್ನ ಮಗಳಂಥವರಿಗೆ ಆನಿಕೆ ಕೊಡುವುದಿಲ್ಲ.

ದುಡ್ಡಿನ ಅಡಚಣೆ ಇದ್ದರೆ, ಅಂಗವಿಕಲರಿಗೆ ಸಾಧನಗಳನ್ನು ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ ಇದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು, ಆದಾಯದ ಮಿತಿಯೂ ಇದೆ. ಕಾನ್ಪುರದ ಸರ್ಕಾರಿ ಕಂಪನಿ ಅಲಿಮ್ಕೊ ತಯಾರಿಸುವ ಸಿ.ಪಿ. ಚೇರ್ (ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕುರ್ಚಿ) ಅದರಡಿ ಸಿಗುತ್ತದೆ. ಊಟಕ್ಕೆ, ಓದಿಗೆ ಕೂರಿಸಲು ಅದು ಸರಿ, ಊರು ಸುತ್ತಲು ಅಲ್ಲ.

ಇನ್ನೊಂದು. ಮಗುವಿನ ಕೈಯಲ್ಲಿ ಬಲ ಇದ್ದರೆ ಯಾವ ಸ್ಟ್ರಾಲರನ್ನೂ ಕೊಳ್ಳಬೇಡಿ. ಇದರಲ್ಲಿ ಕೂತವರು ತಮ್ಮಷ್ಟಕ್ಕೆ ಒಂದಡಿಯೂ ಹೋಗಲಾರರು. ಅಂಥ ಮಗುವಿಗೆ ಅಳತೆಗೆ ಸರಿಯಾದ ವೀಲ್‌ಚೇರ್ ಕೊಡಿಸಿ, ನೆಂಟರು "ಅಯ್ಯೋ, ಈಗಲೇ ವೀಲ್‌ಚೇರಾ?" ಅಂದರೆ ಅನ್ನಲಿ ಬಿಡಿ.