ಸೆಸ್ನಾದಲ್ಲಿರೋ ಗಾರ್ಮಿನ್ 430: ಡಬ್ಬಿ ಸೂಪರ್, ಸೆಟ್ಟಿಂಗ್ ಮಾತ್ರ ನೋಡ್ಕೊಳಿ

ನಮ್ಮೂರು ಚಿಕ್ಕಬಳ್ಳಾಪುರ, ಬೆಂಗಳೂರಿನ ಜಕ್ಕೂರು ಏರೋಡ್ರೋಮಲ್ಲಿ ಫ್ಲೈಯಿಂಗ್ ಕಲೀತಿದೀನಿ. ನಾನು ಹಾರ್ಸೋ ಸೆಸ್ನಾ 152 ಅನ್ನೋ ಪುಟ್ಟ ಟ್ರೈನಿಂಗ್ ವಿಮಾನದಲ್ಲಿ ಗಾರ್ಮಿನ್ ಜಿಎನ್‌ಎಸ್ 430 ಕೂರಿಸಿದಾರೆ. 1998ರಲ್ಲಿ ಬಂದ ಮಾಡೆಲ್ ಗುರು, ಈಗ ಹೊಸದು ತಯಾರಾಗಲ್ಲ, ಟಚ್ ಗಿಚ್ ಇಲ್ಲ, ಎಲ್ಲಾ ತಿರುಗಿಸೋ ನಾಬ್‌ಗಳೇ, ಆದ್ರೆ ಜಿಪಿಎಸ್ಸು, ರೇಡಿಯೋ, ವಿಓಆರ್ರು (ನೆಲದ ಸ್ಟೇಷನ್ನಿನ ಸಿಗ್ನಲ್ ಹಿಡಿದು ದಿಕ್ಕು ತೋರ್ಸೋದು) ಮೂರೂ ಒಂದೇ ಡಬ್ಬೀಲಿ ಸಿಗುತ್ತೆ, ಬಿಸಿಲಲ್ಲೂ ಸ್ಕ್ರೀನ್ ಕಾಣುತ್ತೆ, ಅಷ್ಟು ಸಾಕು ನನಗೆ.

ಮೊದ್ಲು ನನ್ನ ಮಾನ ಹೋದ ಕಥೆ ಹೇಳ್ತೀನಿ. ತುಮಕೂರು ಕಡೆ ಹೊರಟಿದ್ವಿ, ಅಲ್ಲಿ ಏರ್‌ಪೋರ್ಟ್ ಇಲ್ವಲ್ಲ, ಅದಕ್ಕೆ ಊರಿನ ಲ್ಯಾಟ್ ಲಾಂಗ್ (ಅಕ್ಷಾಂಶ, ರೇಖಾಂಶ) ಹೊಡೆದು ಯೂಸರ್ ವೇಪಾಯಿಂಟ್ (ನಾವೇ ಗುರುತು ಹಾಕ್ಕೊಳೋ ಜಾಗ) ಮಾಡ್ಕೊಂಡಿದ್ದೆ. ಮೇಲೆ ಹೋದ್ಮೇಲೆ ಇನ್‌ಸ್ಟ್ರಕ್ಟರ್ ಸರ್ ಎಷ್ಟು ದೂರ ಅಂದ್ರು, ಸ್ಕ್ರೀನ್ ನೋಡಿ 61 ಮೈಲಿ ಸರ್ ಅಂದೆ. ಹಿಂದಿನ ರಾತ್ರಿ ಮ್ಯಾಪಲ್ಲಿ ನಾನೇ ಅಳೆದಿದ್ದು 33 ನಾಟಿಕಲ್ ಮೈಲಿ! ಸರಿ ಸ್ಪೀಡ್ ಎಷ್ಟು ಓದಪ್ಪ ಅಂದ್ರು, 167 ಅಂದೆ. "152ರ ರೆಡ್ ಲೈನೇ, ಅಂದ್ರೆ ದಾಟಬಾರದ ಸ್ಪೀಡೇ, 149 ನಾಟ್ಸ್, ರೆಕ್ಕೆ ಇನ್ನೂ ಇದ್ಯಾ ನೋಡು" ಅಂದ್ರು. ಯಾರೋ ಪುಣ್ಯಾತ್ಮ ಯೂನಿಟ್ಸ್‌ನ ಮೆಟ್ರಿಕ್‌ಗೆ ಹಾಕಿ ಇಳಿದು ಹೋಗಿದಾನೆ, ಆಫ್ ಮಾಡಿದ್ರೂ ಸೆಟ್ಟಿಂಗ್ ಅಳಿಸಲ್ಲ, ಹಾಗೇ ಕೂತಿರುತ್ತೆ. ನಾನು 90 ನಾಟ್ಸಲ್ಲೇ (ಒಂದು ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ಹೋಗ್ತಿದ್ದೆ, ಡಬ್ಬಿ ಅದನ್ನ ಕಿಲೋಮೀಟರಲ್ಲಿ ತೋರಿಸ್ತಿತ್ತು ಅಷ್ಟೇ.

ಸರಿ ಮಾಡೋದೇನೂ ಕಷ್ಟ ಇಲ್ಲ, ದೊಡ್ಡ ನಾಬ್ ತಿರುಗಿಸಿ ಆಕ್ಸ್ ಗ್ರೂಪಿಗೆ ಹೋಗಿ ಸೆಟಪ್ ಪೇಜ್ ತೆಗೆದ್ರೆ ಯೂನಿಟ್ಸ್ ಸಿಗುತ್ತೆ, ದೂರ ಸ್ಪೀಡ್ ಎರಡಕ್ಕೂ ಒಂದೇ ಸಾಲು, ನಾಟಿಕಲ್‌ಗೆ ಹಾಕಿ. ಬ್ಯಾರೋನೂ (ಗಾಳಿ ಒತ್ತಡದ ಯೂನಿಟ್) ಅಲ್ಲೇ ನೋಡ್ಕೊಳಿ, ನಮ್ಮಲ್ಲಿ ಟವರ್‌ನವರು ಕ್ಯೂಎನ್‌ಹೆಚ್ (ಎತ್ತರ ತೋರ್ಸೋ ಆಲ್ಟಿಮೀಟರಿಗೆ ಹಾಕೋ ಗಾಳಿ ಒತ್ತಡ) ಕೊಡೋದು ಹೆಕ್ಟೋಪ್ಯಾಸ್ಕಲಲ್ಲಿ, ಡಬ್ಬಿ ಇಂಚಸ್‌ನಲ್ಲಿದ್ರೆ 1013 ಅಂದಿದ್ದನ್ನ 29.92 ಅಂತ ತಲೇಲೇ ಲೆಕ್ಕ ಹಾಕ್ತಾ ಕೂರ್ಬೇಕು. ಟೈಮ್ ಯುಟಿಸಿಲೇ ಇರ್ಲಿ, ಐದೂವರೆ ಗಂಟೆ ಕೂಡಿಸಿ ನಮ್ಮ ಟೈಮ್ ಲೆಕ್ಕ ಹಾಕೋದು ಅಭ್ಯಾಸ ಆಗುತ್ತೆ.

ಇನ್ನು ಅಲರ್ಟ್‌ಗಳು. ಏರ್‌ಸ್ಪೇಸ್ ಅಲಾರಂ (ಬೇರೆ ವಾಯುವಲಯ ಹತ್ರ ಬಂದ್ರೆ ಎಚ್ಚರಿಸೋದು) ಪೂರ್ತಿ ಆನ್ ಇಟ್ರೆ ಜಕ್ಕೂರಲ್ಲಿ ಎಮ್‌ಎಸ್‌ಜಿ ಲೈಟ್ ಮಿನುಗೋದು ನಿಲ್ಲಲ್ಲ, ಪಕ್ಕದಲ್ಲೇ ಯಲಹಂಕ ಏರ್‌ಫೋರ್ಸ್ ಸ್ಟೇಷನ್, ಆಚೆ ಕೆಂಪೇಗೌಡ, ಈಚೆ ಎಚ್‌ಎಎಲ್. ಹತ್ತು ನಿಮಿಷದೊಳಗೆ ಒಳಗೆ ಹೋಗ್ತೀಯ ಅಂದ್ರೂ ಮೆಸೇಜು, ಎರಡು ಮೈಲಿ ಹತ್ರ ಬಂದ್ರೂ ಮೆಸೇಜು, ಒಳಗೆ ಹೋದ್ಮೇಲೂ ಮೆಸೇಜು. ಮೇಲೆ ಕೆಳಗೆ 200 ಅಡಿ ಬಫರ್ ಬೇರೆ ಡೀಫಾಲ್ಟಾಗಿ ಇರುತ್ತೆ. ಒಂದಿನ ಸಿಟ್ಟು ಬಂದು ಎಲ್ಲಾ ಆಫ್ ಮಾಡ್ಬಿಟ್ಟಿದ್ದೆ, ಸರ್ ನೋಡಿ ಸರಿಯಾಗಿ ಉಗಿದ್ರು. ಈಗ ಟವರ್ ಜೊತೆ ಮಾತಾಡ್ಕೊಂಡೇ ಹಾರೋ ಕಂಟ್ರೋಲ್ಡ್ ಏರ್‌ಸ್ಪೇಸ್‌ದು ಮಾತ್ರ ಆಫು, ರಿಸ್ಟ್ರಿಕ್ಟೆಡ್ (ನಿರ್ಬಂಧಿತ ವಲಯದ್ದು) ಆನೇ ಇರುತ್ತೆ. ಇದು ನನ್ನ ಲೆಕ್ಕ, ನಿಮ್ಮ ಇನ್‌ಸ್ಟ್ರಕ್ಟರ್‌ನ ಕೇಳಿ ಮಾಡ್ಕೊಳಿ.

ಟೆರೇನ್ ಕಾರ್ಡ್ (ಬೆಟ್ಟ ಗುಡ್ಡಗಳ ಎತ್ತರದ ಮಾಹಿತಿ) ಇರೋ ಯೂನಿಟ್ ಆದ್ರೆ ಅದನ್ನ ಮಾತ್ರ ಇನ್‌ಹಿಬಿಟ್ (ಬಂದ್) ಮಾಡಕ್ಕೆ ಹೋಗ್ಬೇಡಿ. ನಮ್ಮ ಕಡೆ ನೆಲಾನೇ ಸುಮಾರು 3,000 ಅಡಿ ಎತ್ತರದಲ್ಲಿದೆ, ಆಲ್ಟಿಮೀಟರ್ (ಸಮುದ್ರ ಮಟ್ಟದಿಂದ ಲೆಕ್ಕ) 4,500 ತೋರಿಸ್ತಾ ಇದ್ರೆ ಆಹಾ ಎಷ್ಟು ಮೇಲಿದೀವಿ ಅನ್ಸುತ್ತೆ, ನಂದಿ ಬೆಟ್ಟದ ತುದಿ 4,850 ಅಡಿ, ಅಂದ್ರೆ ಬೆಟ್ಟ ನಿಮಗಿಂತ ಮೇಲಿದೆ! ಬೆಟ್ಟದಿಂದ ಸಾವಿರ ಅಡಿಯೊಳಗೆ ಇಳಿದ್ರೆ ಸ್ಕ್ರೀನಲ್ಲಿ ಹಳದಿ, ನೂರು ಅಡಿಗಿಂತ ಕಮ್ಮಿ ಇದ್ರೆ ಇಲ್ಲಾ ಬೆಟ್ಟವೇ ನಿಮಗಿಂತ ಎತ್ತರ ಇದ್ರೆ ಕೆಂಪು. ಮನೆ ಮಾಳಿಗೆಯಿಂದ ದಿನಾ ನೋಡೋ ಬೆಟ್ಟ ಸ್ಕ್ರೀನಲ್ಲಿ ಕೆಂಪಗೆ ಕಂಡಾಗ ಹೊಟ್ಟೇಲಿ ಒಂಥರಾ ಆಯ್ತು, ಮೋಡ ಇರೋ ಬೆಳಗ್ಗೆ ಬೇರೆ.

ಸಿಡಿಐ (ದಾರಿಯಿಂದ ಎಷ್ಟು ಪಕ್ಕಕ್ಕೆ ಸರಿದಿದೀವಿ ಅಂತ ತೋರ್ಸೋ ಸೂಜಿ) ಸ್ಕೇಲ್ 5.0 ಮೈಲಿ ಇದ್ರೆ ಒಂದು ಮೈಲಿ ಪಕ್ಕಕ್ಕೆ ಹೋದ್ರೂ ಸೂಜಿ ಹತ್ತಿರ ಹತ್ತಿರ ಮಧ್ಯದಲ್ಲೇ ಇರುತ್ತೆ, ಕಲಿಯೋರು 1.0 ಇಟ್ಕೊಳಿ, ತಪ್ಪು ಬೇಗ ಗೊತ್ತಾಗುತ್ತೆ. ಹೋಗೋ ಜಾಗ ಹತ್ರ ಬಂತು ಅನ್ನೋ ಅರೈವಲ್ ಅಲಾರಂ ಮೂರು ಮೈಲಿಗೆ ಇಟ್ಟಿದೀನಿ, 90 ನಾಟ್ಸಲ್ಲಿ ಎರಡು ನಿಮಿಷ ಸಿಗುತ್ತೆ. ಡಬ್ಬಿಯೊಳಗಿನ ಏರ್‌ಪೋರ್ಟ್, ಏರ್‌ಸ್ಪೇಸ್ ಮಾಹಿತಿಯ ಡೇಟಾಬೇಸ್ 28 ದಿನಕ್ಕೊಂದು ಸಲ ಬದಲಾಗುತ್ತೆ, ಆನ್ ಮಾಡಿದ ತಕ್ಷಣ ಡೇಟ್ ತೋರಿಸುತ್ತೆ, ಸುಮ್ನೆ ಓಕೆ ಒತ್ತಿ ಮುಂದೆ ಹೋಗ್ಬೇಡಿ.

ಕಂಪ್ಯೂಟರಲ್ಲಿ ಓಡೋ 430 ಸಿಮ್ಯುಲೇಟರ್ ಗಾರ್ಮಿನ್‌ನವರೇ ಫ್ರೀಯಾಗಿ ಕೊಟ್ಟಿದ್ರು, ನಾನು ನಾಬ್ ತಿರುಗಿಸೋದು ಕಲ್ತಿದ್ದೇ ಅದ್ರಲ್ಲಿ. ಎಂಜಿನ್ ಓಡ್ತಿರುವಾಗ ಸೆಟ್ಟಿಂಗ್ ಹುಡುಕ್ತಾ ಕೂತ್ರೆ ಗಂಟೆ ಲೆಕ್ಕದಲ್ಲಿ ಹೋಗೋದು ಅಪ್ಪನ ದುಡ್ಡು.

ನಾಲ್ಕೂವರೆ ಸ್ಟಾರ್ ಕೊಡ್ತೀನಿ. ಮೊನ್ನೆ ಹತ್ತಿ ಕೂತಾಗ ಮತ್ತೆ ಕಿಲೋಮೀಟರ್‌ಗೆ ಹಾಕಿದ್ರು ಯಾರೋ, ಈ ಸಲ ಟ್ಯಾಕ್ಸಿ ಮಾಡೋಕೆ ಮುಂಚೇನೇ ಕಣ್ಣಿಗೆ ಬಿತ್ತು.