ಕಾಯ್ ರಾಂಗ್ ತೇಲುವ ಸಂತೆಗೆ ಹೊರಟವರು ಆ ಎರಡು ನೀಲಿ ನೋಟು ನೋಡಿಕೊಂಡು ಹೋಗಿ

22 ವರ್ಷದಿಂದ ಸಹಕಾರಿ ಬ್ಯಾಂಕೊಂದರ ಕ್ಯಾಶ್ ಕೌಂಟರ್‌ನಲ್ಲಿ ಕೂತವನು ನಾನು. ಬೆರಳಲ್ಲಿ ಮುಟ್ಟಿದರೆ ಸಾಕು, ಖೋಟಾ ನೋಟು ಹೇಳ್ತೀನಿ ಅಂತ ಜಂಬ ಬೇರೆ. ಅಂಥವನು ವಿಯೆಟ್ನಾಂಗೆ ಹೋಗಿ ಒಂದೇ ಒಂದು ಅನಾನಸ್ ಹಣ್ಣಿಗೆ 5 ಲಕ್ಷ ಡಾಂಗ್ ಕೊಟ್ಟು ಬಂದಿದ್ದೇನೆ. ನಮ್ಮ ಲೆಕ್ಕದಲ್ಲಿ 1,650 ರೂಪಾಯಿ ಹತ್ತಿರ. ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಬರೀತಿದೀನಿ, ಯಾಕಂದ್ರೆ ಈಗ ನಮ್ಮೂರಿನವರೆಲ್ಲ ಅಲ್ಲಿಗೇ ಹೊರಟಿದ್ದಾರೆ.

ಹೋ ಚಿ ಮಿನ್ ಸಿಟಿಯಿಂದ ಬಸ್ಸಿನಲ್ಲಿ ನಾಲ್ಕು ಗಂಟೆ ಕೂತರೆ ಮೆಕಾಂಗ್ ಬಯಲಿನ ಕ್ಯಾನ್ ಥೋ ಸಿಗುತ್ತೆ. ಅಲ್ಲಿಂದ ನದಿಯಲ್ಲಿ ಐದಾರು ಕಿಲೋಮೀಟರ್ ಹೋದರೆ ಕಾಯ್ ರಾಂಗ್ ಸಂತೆ. ಹಿಂದಿನ ಸಂಜೆ ನಿನ್ ಕಿಯೂ ದಂಡೆಯಲ್ಲಿ ಅಡ್ಡಾಡ್ತಿದ್ವಿ. ಒಬ್ಬ ಹೆಂಗಸು ಪ್ಲಾಸ್ಟಿಕ್ ಹೊದಿಸಿದ ಫೋಟೋ ಹಿಡಿದು ಬಂದಳು. ಇಡೀ ದೋಣಿಗೆ 6 ಲಕ್ಷ, ಬೆಳಗ್ಗೆ 5ಕ್ಕೆ ಹೊರಡೋದು, ಸಂತೆ, ಸಣ್ಣ ಕಾಲುವೆ, ಶಾವಿಗೆ ಮಾಡೋ ಮನೆ, ಎಲ್ಲ ಸೇರಿ. ನಾನು ಬೆರಳು ತೋರಿಸಿ ನಾಲ್ಕು ಜನ, ನಾಲ್ಕು ಜನ ಅಂತ ಎರಡು ಸಲ ಹೇಳಿದೆ. ತಲೆ ಅಲ್ಲಾಡಿಸಿದಳು. ಚೌಕಾಸಿ ಕೂಡ ಮಾಡಲಿಲ್ಲ ನೋಡಿ, ಆಗಲೇ ನನಗೆ ಹೊಳೀಬೇಕಿತ್ತು.

ಬೆಳಗ್ಗೆ 5ಕ್ಕೆ ದಂಡೆಯಲ್ಲಿ ನಾವು ನಾಲ್ಕೇ ಜನ. ಮಕ್ಕಳು ನನ್ನ ಹೆಗಲ ಮೇಲೆ ನಿದ್ದೆ. ದೋಣಿ ಬಂದಿದ್ದು ಆರೂಮುಕ್ಕಾಲಿಗೆ, ದೋಣಿಯವನು ಬೇರೆ ಯಾರೋ. ಇದು ಸಗಟು ಸಂತೆ ಸ್ವಾಮಿ, ನಮ್ಮ ಕೆ.ಆರ್. ಮಾರ್ಕೆಟ್ ಇದ್ದ ಹಾಗೆ, ಬೆಳಕು ಹರಿಯೋ ಹೊತ್ತಿಗೆ ನೋಡಬೇಕು. ನಾವು ಹೋಗೋ ಹೊತ್ತಿಗೆ ಅರ್ಧ ಖಾಲಿ. ರಸ್ತೆಗಳು ಬಂದ ಮೇಲೆ ಮೊದಲೇ ದೋಣಿ ಕಮ್ಮಿ ಆಗಿವೆ, 2016ರಲ್ಲಿ ಆ ಸರ್ಕಾರ ಇದನ್ನು ರಾಷ್ಟ್ರೀಯ ಪರಂಪರೆ ಅಂತ ಘೋಷಿಸಿದ್ದರೂ ಅಷ್ಟೇ.

ಇದ್ದಷ್ಟು ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಪ್ರತಿ ದೊಡ್ಡ ದೋಣಿಯ ಮೇಲೂ ಉದ್ದನೆ ಬೊಂಬು, ಅದರ ತುದಿಗೆ ಕುಂಬಳಕಾಯಿ, ಕೋಸು, ಗೆಣಸು. ಏನು ನೇತು ಹಾಕಿದ್ದಾರೋ ಅದೇ ಮಾರಾಟಕ್ಕೆ. ಒಂದು ಬೊಂಬಿಗೆ ಬರೀ ಒಣಗಿದ ತೆಂಗಿನ ಗರಿ. ಗರಿ ಯಾರು ಕೊಳ್ತಾರೆ ಅಂತ ಮಗಳು ಕೇಳಿದಳು. ಗರಿ ಕಟ್ಟಿದರೆ ದೋಣಿಯೇ ಮಾರಾಟಕ್ಕಿದೆ ಅಂತ ಅರ್ಥವಂತೆ.

ನಾನು ಬಾಯಿಬಿಟ್ಟುಕೊಂಡು ಆ ಗರಿ ನೋಡ್ತಾ ಇದ್ದಾಗಲೇ ಆಗಿದ್ದು. ಪಕ್ಕಕ್ಕೆ ಒಂದು ಸಣ್ಣ ದೋಣಿ ಬಂದು ಕೊಕ್ಕೆ ಹಾಕಿ ನಮ್ಮದಕ್ಕೆ ಅಂಟಿಕೊಂಡಿತು. ಆಕೆ ಕ್ಷಣದಲ್ಲಿ ಅನಾನಸ್ ಸುಲಿದಳು, ಸುತ್ತಲೂ ಸುರುಳಿ ಗೀರು ಹಾಕಿ, ಹಿಡಿಯೋಕೆ ತೊಟ್ಟು ಬಿಟ್ಟು. 20 ಸಾವಿರ ಅಂದಳು. ಪರ್ಸಿನಿಂದ ನೀಲಿ ನೋಟು ತೆಗೆದು ಕೊಟ್ಟೆ. ಕೊಕ್ಕೆ ಬಿಚ್ಚಿದಳು.

ಆಗ ಇವಳು ಅಂದಳು, "ರೀ, ಆ ನೋಟು ಯಾಕೋ ಉದ್ದ ಇತ್ತಲ್ವಾ?"

ಎದೆ ಧಸಕ್ ಅಂತು. 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ. ಎರಡೂ ಪ್ಲಾಸ್ಟಿಕ್, ಎರಡರಲ್ಲೂ ಅದೇ ಹೋ ಚಿ ಮಿನ್ ಮುಖ. 5 ಲಕ್ಷದ್ದು ಒಂದಿಷ್ಟು ಉದ್ದ, ಅಷ್ಟೇ. ಪರ್ಸಿನಲ್ಲಿ ದೊಡ್ಡ ನೋಟು ಮೂರಿದ್ದದ್ದು ಎರಡಾಗಿತ್ತು. ಕೂಗಿದೆ. ಆಕೆ ಓಡಿಹೋಗಲಿಲ್ಲ, ಅದೇ ನನಗೆ ಇನ್ನೂ ಉರಿ. ಸಮಾಧಾನವಾಗಿ ಹುಟ್ಟು ಹಾಕಿಕೊಂಡು ವಾಪಸ್ ಬಂದು ಮಡಿಲಿನಿಂದ 20 ಸಾವಿರದ ನೋಟು ಎತ್ತಿ ತೋರಿಸಿದಳು. "ಟ್ವೆಂಟಿ. ಯು ಗಿವ್ ಟ್ವೆಂಟಿ." ಕೊಟ್ಟಿದ್ದು ನನ್ನ ತಪ್ಪೇ, ಒಪ್ಪಿಕೊಳ್ತೀನಿ. ಆದರೆ ಆ ಸಣ್ಣ ನೋಟು ಮಡಿಲಲ್ಲಿ ಸಿದ್ಧವಾಗಿತ್ತಲ್ಲ, ಅದಕ್ಕೇನು ಹೇಳ್ತೀರಿ? ನಮ್ಮ ದೋಣಿಯವನ ಮುಖ ನೋಡಿದೆ. ಅವನು ಸಿಗರೇಟು ಹಚ್ಚಿಕೊಂಡು ನೀರು ನೋಡ್ತಿದ್ದ.

ಇಷ್ಟಕ್ಕೇ ಮುಗಿದಿದ್ದರೆ ಬರೀತಾನೇ ಇರಲಿಲ್ಲ. ಸಣ್ಣ ಕಾಲುವೆ ತೋರಿಸಲಿಲ್ಲ, ಶಾವಿಗೆ ಮನೆ ಬಾಗಿಲು ಹಾಕಿತ್ತು. ವಾಪಸ್ ದಂಡೆಗೆ ಬಂದು 6 ಲಕ್ಷ ಎಣಿಸಿ ಕೊಟ್ಟರೆ (ಈ ಸಲ ಮೂರು ಮೂರು ಸಲ ಎಣಿಸಿದೆ) ಅವನು ತಗೊಳ್ಳಲಿಲ್ಲ. ಫೋನಿನಲ್ಲಿ ಏನೋ ಟೈಪ್ ಮಾಡಿ ನನ್ನ ಮುಂದೆ ಹಿಡಿದ. ಕನ್ನಡದಲ್ಲಿ ಬಂದಿತ್ತು! "ಆರು ಒಬ್ಬ ವ್ಯಕ್ತಿ. ದೋಣಿ ಅಲ್ಲ." ನಾಲ್ಕು ಜನಕ್ಕೆ 24 ಲಕ್ಷ, ಅಂದರೆ 8,000 ರೂಪಾಯಿ. ನಿನ್ನೆ ಆ ಹೆಂಗಸು ಇಡೀ ದೋಣಿಗೆ ಅಂದಳಲ್ಲಪ್ಪಾ ಅಂತ ನಾನೂ ಟೈಪ್ ಮಾಡಿದೆ. ಉತ್ತರ: "ನಿನ್ನೆ ಮಹಿಳೆ ನನಗೆ ಗೊತ್ತಿಲ್ಲ." ಗೊತ್ತಿಲ್ಲದಿದ್ದರೆ ನಮ್ಮನ್ನ ಹತ್ತಿಸಿಕೊಂಡಿದ್ದು ಹೇಗೆ ಅಂದೆ. ಉತ್ತರ: "ಮಕ್ಕಳು ಸಂತೋಷ. ಈಗ ಹಣ." ನನ್ನ ಮಾತೃಭಾಷೆಯಲ್ಲೇ ನನಗೆ ಟೋಪಿ! ಅಷ್ಟರಲ್ಲಿ ಇನ್ನೂ ಇಬ್ಬರು ಬಂದು ಪಕ್ಕ ನಿಂತರು. ಮಗ ಅಳೋಕೆ ಶುರು ಮಾಡಿದ. 16 ಲಕ್ಷ ಕೊಟ್ಟು ಎದ್ದು ಬಂದೆ. ಹೇಡಿ ಅನ್ನಿ, ಪರವಾಗಿಲ್ಲ.

ಕುಂಬಳಕಾಯಿ, ಗೆಣಸು ಮಾರೋ ಆ ದೊಡ್ಡ ದೋಣಿಯವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಇದು ದಂಡೆಯಲ್ಲಿ ನಿಂತು ಗಿರಾಕಿ ಹಿಡಿಯೋರ ಕೆಲಸ. ಹೋಗೋದಾದರೆ ಉಳಿದುಕೊಂಡ ಜಾಗದವರ ಮೂಲಕವೇ ದೋಣಿ ಗೊತ್ತು ಮಾಡಿ. ರೇಟು, ಜನ, ಗಂಟೆ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. 5 ಲಕ್ಷದ ನೋಟು ಪರ್ಸಿನಲ್ಲಿ ಇಡಲೇಬೇಡಿ, ಬೇರೆ ಜೇಬು, ಬೇರೆ ಜೇಬು!

ಅವತ್ತು ಸಂಜೆ ಜಗಳ ಆಡೋಣ ಅಂತಲೇ ದಂಡೆಗೆ ಹೋದೆ. ಅವಳು ಅದೇ ಜಾಗದಲ್ಲಿ, ಅದೇ ಫೋಟೋ ಹಿಡಿದು ನಿಂತಿದ್ದಳು. ನನ್ನ ಗುರುತೇ ಸಿಗಲಿಲ್ಲ ಆಕೆಗೆ. ನಗ್ತಾ ಬಂದು, "ಟುಮಾರೋ ಬೋಟ್, ಸರ್? ಫುಲ್ ಬೋಟ್ ಸಿಕ್ಸ್" ಅಂದಳು. ಬರೆದು ಕೊಡು ಅಂತ ಪೆನ್ನು, ಚೀಟಿ ಮುಂದೆ ಚಾಚಿದೆ. ಚೀಟಿ ನೋಡಿದಳು, ನನ್ನ ನೋಡಿದಳು, ಪಕ್ಕದಲ್ಲಿ ಐಸ್‌ಕ್ರೀಮ್ ತಿಂತಿದ್ದ ಇನ್ನೊಂದು ಸಂಸಾರದ ಕಡೆ ಹೊರಟೇ ಹೋದಳು.