ಬಿಡಿಬ್ಯಾಗ್, ಡಿಆರ್‌ಎಸ್, ಡೇಟಾಲ್ಯಾಡ್: ಹಂಚಿಕೊಳ್ಳುವ ಜೀನೋಮ್ ಡೇಟಾಕ್ಕೆ ಯಾವುದು ಒಗ್ಗುತ್ತದೆ?

ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2017ರಲ್ಲಿ ಡೇಟಾ ಕಾಮನ್ಸ್‌ನ (ಸಂಶೋಧಕರು ಹಂಚಿಕೊಂಡು ಬಳಸುವ ಡೇಟಾ ನೆಲೆ) ಪ್ರಾಯೋಗಿಕ ಹಂತ ಶುರುಮಾಡಿದಾಗ ಕೈಗೆತ್ತಿಕೊಂಡದ್ದು ಟಾಪ್‌ಮೆಡ್, ಜಿಟೆಕ್ಸ್ ಎಂಬ ಮಾನವ ಜೀನ್ ಅಧ್ಯಯನಗಳ ಡೇಟಾವನ್ನು ಮತ್ತು ಮಾದರಿ ಜೀವಿಗಳ ಡೇಟಾಬೇಸ್‌ಗಳನ್ನು. ಎಲ್ಲ ಫೈಲುಗಳನ್ನೂ ಹೊತ್ತು ತಿರುಗುವ ಬದಲು ಕ್ಲೌಡ್‌ನಲ್ಲಿ ಇದ್ದಲ್ಲೇ ಇರಿಸಿ, ಒಂದು ಗುರುತಿನಿಂದ ಕರೆಯುವಂತಿರಬೇಕು ಎಂಬ ಆಲೋಚನೆ ಅದರದು. ಆ ಗುರುತು ಕೊಡುವ ಮೂರು ದಾರಿಗಳನ್ನು (ಫೈಲುಗಳ ಪಟ್ಟಿಯನ್ನು ಚೀಲದಂತೆ ಕಟ್ಟುವ ಬಿಡಿಬ್ಯಾಗ್, ಗುರುತು ಕೊಟ್ಟರೆ ಫೈಲಿನ ದಾರಿ ಹೇಳುವ ಸರ್ವರ್‌ಗಳ ನಿಯಮವಾದ ಡಿಆರ್‌ಎಸ್, ಗಿಟ್ ಆಧರಿಸಿದ ಡೇಟಾಲ್ಯಾಡ್) ಒಂದೇ ಸಾಮಗ್ರಿಯ ಮೇಲೆ ಓಡಿಸಿ ನೋಡಿದ ಹೋಲಿಕೆ ಇದು.

ಸಾಮಗ್ರಿ, 1000 ಜೀನೋಮ್ಸ್ ಯೋಜನೆಯ 30 ಪಟ್ಟು ಆಳದ (ಪ್ರತಿ ಅಕ್ಷರವನ್ನು ಸರಾಸರಿ 30 ಸಲ ಓದಿದ) ಕ್ರ್ಯಾಮ್ ಫೈಲುಗಳು, ಅಂದರೆ ಜೀನೋಮ್ ಓದನ್ನು ಕುಗ್ಗಿಸಿಟ್ಟ ಫೈಲುಗಳು. ಒಂದೊಂದೂ ಸುಮಾರು 15 ಜಿಬಿ. 100 ಎಂಬಿಪಿಎಸ್ ಲೈನಿನಲ್ಲಿ ಒಂದು ಇಳಿಯಲು 20 ನಿಮಿಷ. ಈ ಪರೀಕ್ಷೆಗೆ ಹತ್ತು ಫೈಲು ಧಾರಾಳ. ಸಾರ್ವಜನಿಕ ಡೇಟಾ ಆದ್ದರಿಂದ ಅನುಮತಿಯ ತಲೆನೋವಿಲ್ಲ.

ಮೂರರಲ್ಲೂ ಎಡವುವ ಕಲ್ಲು ಒಂದೇ, ಚೆಕ್‌ಸಮ್: ಫೈಲು ಬದಲಾಗಿಲ್ಲವೆಂದು ತಿಳಿಯಲು ಅದರ ಬೈಟ್‌ಗಳಿಂದ ತೆಗೆಯುವ ಗುರುತು ಸಂಖ್ಯೆ. ಎಸ್3 (ಅಮೆಜಾನ್‌ನ ಕ್ಲೌಡ್ ಸಂಗ್ರಹ) ಬಕೆಟ್ ತೋರಿಸುವ ಇಟ್ಯಾಗ್ ಎಂಬ ಗುರುತನ್ನೇ ಎಂಡಿ5 (ಒಂದು ಬಗೆಯ ಚೆಕ್‌ಸಮ್) ಎಂದು ನಂಬಿ ಪಟ್ಟಿಗೆ ಹಾಕುವವರು ಬಹಳ. ದೊಡ್ಡ ಫೈಲು ತುಂಡುತುಂಡಾಗಿ ಏರುತ್ತದೆ. ಆಗ ಇಟ್ಯಾಗ್ ಎಂದರೆ ತುಂಡುಗಳ ಎಂಡಿ5ಗಳನ್ನು ಸೇರಿಸಿ ತೆಗೆದ ಇನ್ನೊಂದು ಎಂಡಿ5, ಕೊನೆಗೆ ತುಂಡುಗಳ ಲೆಕ್ಕ. 8 ಎಂಬಿ ತುಂಡಾದರೆ 15 ಜಿಬಿ ಫೈಲಿನ ಇಟ್ಯಾಗ್‌ಗೆ 1920 ಎಂಬ ಬಾಲ. ತುಂಡಿನ ಗಾತ್ರ ಬದಲಾಯಿಸಿ ಮತ್ತೆ ಏರಿಸಿದರೆ ಫೈಲು ಅದೇ, ಇಟ್ಯಾಗ್ ಬೇರೆ. ಹಾಗಾಗಿ ಏರಿಸುವ ಮೊದಲೇ ಎಸ್‌ಎಚ್‌ಎ256 (ಇನ್ನೊಂದು ಬಗೆಯ ಚೆಕ್‌ಸಮ್) ತೆಗೆದು, ಗಾತ್ರವನ್ನು ಬೈಟ್‌ಗಳಲ್ಲಿ ಬರೆದು, ಒಂದು ಟಿಎಸ್‌ವಿ (ಸರಳ ಪಠ್ಯದ ಕೋಷ್ಟಕ) ಮಾಡಿಕೊಳ್ಳಬೇಕು. ಮುಂದಿನದ್ದೆಲ್ಲ ಆ ಟಿಎಸ್‌ವಿಯಿಂದಲೇ ಹುಟ್ಟುತ್ತದೆ.

ಬಿಡಿಬ್ಯಾಗ್ ಅತಿ ಬೇಗ ಕೈಗೂಡುತ್ತದೆ. ಟಿಎಸ್‌ವಿಯನ್ನು ಜೇಸನ್ ಎಂಬ ಪಠ್ಯ ರೂಪಕ್ಕೆ ತಿರುಗಿಸಿ (ಲಿಂಕ್, ಗಾತ್ರ, ಹೆಸರು, ಚೆಕ್‌ಸಮ್) ಕೊಟ್ಟರೆ ಕೆಲವೇ ಕೆಬಿಯ ಚೀಲ ತಯಾರು. 150 ಜಿಬಿ ಡೇಟಾವನ್ನು ಇಮೇಲ್‌ಗೆ ಲಗತ್ತಿಸಿ ಕಳಿಸಬಹುದು ಎಂದರೆ ತಮಾಷೆಯಲ್ಲ. ಪಡೆದವರು ಫೆಚ್ ಪಟ್ಟಿಯಿಂದ (ಚೀಲದೊಳಗಿನ ಲಿಂಕುಗಳ ಪಟ್ಟಿ) ಇಳಿಸಿಕೊಂಡು ಪೂರ್ಣ ಪರಿಶೀಲನೆ ಓಡಿಸಿದರಾಯಿತು. ಇಳಿಸುವ ಮೊದಲೇ ಅದನ್ನು ಓಡಿಸಿದರೆ ಸೋಲುವುದು ಸಹಜ. ಆಗ ರಚನೆಯ ಪರಿಶೀಲನೆಯಷ್ಟೇ ಸಾಕು. ಸಹಿ ಹಾಕಿದ (ತಾತ್ಕಾಲಿಕ ಪ್ರವೇಶ ಕೊಡುವ) ಲಿಂಕನ್ನು ಮಾತ್ರ ಚೀಲದಲ್ಲಿ ಬರೆಯಬಾರದು: ಎಸ್3ಯಲ್ಲಿ ಅದರ ಆಯಸ್ಸು ಹೆಚ್ಚೆಂದರೆ 7 ದಿನ, ಆಮೇಲೆ ಚೀಲವೂ ಖಾಲಿ. ಕ್ರ್ಯಾಮ್ ತೆರೆಯಲು ಬೇಕಾದ ರೆಫರೆನ್ಸ್ (ಹೋಲಿಕೆಯ ಆಧಾರ ಜೀನೋಮ್) ಫೈಲನ್ನೂ ಅದೇ ಚೀಲಕ್ಕೆ ಸೇರಿಸಿ. ಅದನ್ನು ಬಿಟ್ಟರೆ ಕ್ರ್ಯಾಮ್ ಓದುವ ತಂತ್ರಾಂಶ ಸ್ಯಾಮ್‌ಟೂಲ್ಸ್ ಹೊರಗಿನ ಸರ್ವರ್‌ಗೆ ಕೈಚಾಚಬಹುದು. ಆಸ್ಪತ್ರೆಯ ಫೈರ್‌ವಾಲ್‌ನೊಳಗೆ ಅಲ್ಲಿಗೇ ಕೆಲಸ ನಿಲ್ಲುತ್ತದೆ.

ಡಿಆರ್‌ಎಸ್ ಚೀಲವಲ್ಲ, ಬಾಗಿಲು. ಗುರುತು ಕೊಟ್ಟು ಕೇಳಿದರೆ ಸರ್ವರ್ ಗಾತ್ರ, ಚೆಕ್‌ಸಮ್, ಪಡೆಯುವ ವಿಧಾನಗಳನ್ನು ಹೇಳುತ್ತದೆ. ಟೋಕನ್ (ಅನುಮತಿಯ ಗುರುತು) ತೋರಿಸಿ ಎರಡನೇ ಸಲ ಕೇಳಿದಾಗ ಅಲ್ಪಾಯುಷಿ ಲಿಂಕ್ ಕೊಡುತ್ತದೆ. ಪ್ರಾಯೋಗಿಕ ಮಾದರಿಗೆಂದು ಜೆನ್3 ಎಂಬ ಡೇಟಾ ವೇದಿಕೆಯ ಇಡೀ ಸಂಸಾರವನ್ನು ಕುಬರ್ನೆಟೀಸ್ (ಹಲವು ಸರ್ವರ್‌ಗಳನ್ನು ನಡೆಸುವ ವ್ಯವಸ್ಥೆ) ಮೇಲೆ ಎಬ್ಬಿಸಲು ಹೊರಟರೆ ಮೊದಲ ವಾರಗಳು ಅದಕ್ಕೇ ಹೋಗುತ್ತವೆ. ಎರಡೇ ವಿಳಾಸಗಳಿಗೆ ಉತ್ತರಿಸುವ ಪುಟ್ಟ ಫ್ಲಾಸ್ಕ್ (ಪೈಥಾನ್‌ನ ವೆಬ್ ಸಾಧನ) ಸರ್ವರ್, ಹಿಂದೆ ಒಂದೇ ಫೈಲಿನ ಡೇಟಾಬೇಸ್ ಎಸ್‌ಕ್ಯೂಲೈಟ್‌ನ ಕೋಷ್ಟಕ, ಅಷ್ಟು ಸಾಕು. ಇಲ್ಲಿ ಎರಡು ಎಡವಟ್ಟು ಸಾಮಾನ್ಯ. ಡಿಆರ್‌ಎಸ್ ಚೆಕ್‌ಸಮ್ಮಿನ ಹೆಸರನ್ನು 'ಎಸ್‌ಎಚ್‌ಎ-256' ಎಂದು ಅಡ್ಡಗೆರೆ ಸಮೇತ ಬರೆಯುತ್ತದೆ, ಬಿಡಿಬ್ಯಾಗ್ ಗೆರೆಯಿಲ್ಲದೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸ್ಕ್ರಿಪ್ಟ್ ಇಷ್ಟಕ್ಕೇ ಚೆಕ್‌ಸಮ್ ಇಲ್ಲವೆನ್ನಬಹುದು. ಮತ್ತೊಂದು, ಉದ್ದದ ಕೆಲಸ ಸಾಲಿನಲ್ಲಿ ಕಾಯುವಾಗಲೇ ಲಿಂಕ್ ಸಾಯುವುದು. ಕೆಲಸ ಒಪ್ಪಿಸುವಾಗಲ್ಲ, ಫೈಲು ತೆರೆಯುವ ಕ್ಷಣದಲ್ಲಿ ಲಿಂಕ್ ಕೇಳಬೇಕು.

ಡೇಟಾಲ್ಯಾಡ್ ಗಿಟ್ (ಫೈಲುಗಳ ಬದಲಾವಣೆಯ ಇತಿಹಾಸ ಇಡುವ ತಂತ್ರಾಂಶ) ಬಲ್ಲವರಿಗೆ ಸಲೀಸು. ವಾರಕ್ಕೊಮ್ಮೆ ಬದಲಾಗುವ ಕೋಷ್ಟಕಗಳಿಗೆ ಇದರಷ್ಟು ಅನುಕೂಲ ಉಳಿದೆರಡರಲ್ಲಿಲ್ಲ. ಬೇರೆ ಪ್ರತಿ ಇದೆಯೆಂದು ಖಾತ್ರಿಯಾಗದೆ ಫೈಲು ಅಳಿಸಲು ಬಿಡದ ಅದರ ಹಟವೂ ಒಳ್ಳೆಯದೇ. ಆದರೆ ಇಳಿಸದೆ ಬರೀ ಲಿಂಕ್ ಸೇರಿಸುವ 'ಫಾಸ್ಟ್' ವಿಧಾನದಲ್ಲಿ ಕೀಲಿ (ಫೈಲನ್ನು ಗುರುತಿಸುವ ಹೆಸರು) ಹುಟ್ಟುವುದು ಲಿಂಕಿನಿಂದ, ಒಳಗಿನ ಬೈಟ್‌ಗಳಿಂದಲ್ಲ. ಆಚೆ ಫೈಲಿನ ಒಳಗು ಬದಲಾದರೂ ಗಾತ್ರ ಹೊಂದಿದರೆ ಸುಳಿವೇ ಸಿಗದು. ಲಕ್ಷಗಟ್ಟಲೆ ಸಣ್ಣ ಫೈಲುಗಳಾದರೆ ಗಿಟ್ ಏದುಸಿರು ಬಿಡುತ್ತದೆ. ಉಪಡೇಟಾಸೆಟ್‌ಗಳಾಗಿ ಒಡೆಯದೆ ವಿಧಿಯಿಲ್ಲ.

ಭಾಗವಹಿಸಿದವರೊಬ್ಬರು ಒಪ್ಪಿಗೆ ಹಿಂತೆಗೆದುಕೊಂಡರೆ ಏನಾಗುತ್ತದೆ ಎಂಬ ಪರೀಕ್ಷೆಯಲ್ಲಿ ಮೂರರ ಬಣ್ಣ ಬಯಲಾಗುತ್ತದೆ. ಡಿಆರ್‌ಎಸ್‌ನಲ್ಲಿ ಒಂದು ಸಾಲು ಮುಚ್ಚಿದರೆ ಹೊಸ ಲಿಂಕ್ ಯಾರಿಗೂ ಹುಟ್ಟದು. ಹಂಚಿಹೋದ ಚೀಲಗಳಲ್ಲಿ ಹಳೆಯ ಪಟ್ಟಿ ಉಳಿಯುತ್ತದೆ. ಮೂಲ ಫೈಲು ತೆಗೆದಾಗ ಇಡೀ ಚೀಲವೇ ಅಪೂರ್ಣ ಎನಿಸಿಕೊಳ್ಳುತ್ತದೆ. ಡೇಟಾಲ್ಯಾಡ್‌ನಲ್ಲಿ ಫೈಲಿನ ಹೆಸರಿನೊಳಗೆ ರೋಗಿಯ ಸಂಖ್ಯೆ ಇದ್ದರೆ ಅದು ಗಿಟ್ ಇತಿಹಾಸದಲ್ಲಿ, ಎಲ್ಲರ ಪ್ರತಿಯಲ್ಲೂ, ಕೂತಿರುತ್ತದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಸಂಯೋಜಿಸಿದ ಜೀನೋಮ್‌ ಇಂಡಿಯಾದ 10,000 ಜೀನೋಮ್‌ಗಳು ಫರೀದಾಬಾದಿನ ಜೈವಿಕ ಡೇಟಾ ಭಂಡಾರ ಐಬಿಡಿಸಿಯಲ್ಲಿವೆ; ಅಂಥ, ಅನುಮತಿ ಪಡೆದು ಬಳಸಬೇಕಾದ ಡೇಟಾಕ್ಕೆ ಮೊದಲ ದಿನದಿಂದಲೇ ಡಿಆರ್‌ಎಸ್ ಮಾದರಿಯ ಬಾಗಿಲು ಬೇಕು. ಬಿಡಿಬ್ಯಾಗ್ ಬೇಕೆಂದರೆ ಅದರ ಫೆಚ್ ಪಟ್ಟಿಯಲ್ಲಿ ನೇರ ಲಿಂಕಿನ ಜಾಗಕ್ಕೆ ಡಿಆರ್‌ಎಸ್ ಗುರುತು ಬರೆದು, ಅದನ್ನು ಬಿಡಿಸುವ ನಾಲ್ಕು ಸಾಲು ಕೋಡ್ ಜೊತೆಗಿಡಬಹುದು.